ಷರಾ ಎಂಬ ಕಾಲಂ

ಸರ್ಕಾರಿ ತಖ್ತೆಯನ್ನು ಕಂಡವರಿಗೆಲ್ಲ ಅದರ ಬಲದ ಅಂಚಿನಲ್ಲಿ ಒಂದು ಕಾಲಂ ಇರುವುದು ಗೊತ್ತು. ಕ್ರಮಸಂಖ್ಯೆಯಿಂದ ಹೊರಟ ತಖ್ತೆಯು ಹೆಸರು, ಊರು, ವಯಸ್ಸು, ತಾರೀಖು, ಮೊಬಲಗು ಎಂದು ಸಾಗಿ, ಕಾಗದ ಮುಗಿಯುವ ಕಡೆಯಲ್ಲಿ 'ಷರಾ' ಎಂಬ ಮಾತಿಗೆ ಬಂದು ನಿಲ್ಲುತ್ತದೆ. ಪಾರಸಿ ದಫ್ತರದ ಮೂಲಕ ನಮ್ಮ ಕಚೇರಿಗಳಿಗೆ ಬಂದ ಮಾತು ಇದು; ಮೂಲದಲ್ಲಿ ವಿವರಣೆ, ವ್ಯಾಖ್ಯಾನ ಎಂಬ ಅರ್ಥವುಳ್ಳದ್ದು. ನಮ್ಮ ಪಂಡಿತರು ಟೀಕು ಟಿಪ್ಪಣಿ ಎನ್ನುವುದನ್ನು ಶ್ಯಾನುಭೋಗರು ಷರಾ ಎಂದರು, ಅಷ್ಟೆ. ಮೂವತ್ತೈದು ವರ್ಷಕಾಲ ತರಗತಿಗಳಲ್ಲಿ ಹಳಗನ್ನಡ ಪದ್ಯಗಳಿಗೆ ಟಿಪ್ಪಣಿ ಬರೆಸುತ್ತ ಬಂದ ನನಗೆ ಈ ಮಾತಿನ ಮೇಲೆ ಅಕ್ಕರೆ ಇರುವುದು ಸಹಜ. ಆದರೆ ಇಂದು ನಾನು ಹೇಳಹೊರಟಿರುವುದು ಪದ್ಯದ ಟಿಪ್ಪಣಿಯನ್ನು ಕುರಿತಲ್ಲ. ಕುಟುಂಬ ಯೋಜನೆಯ ಒಂದು ವಾರ್ಷಿಕ ತಖ್ತೆಯಲ್ಲಿ, ೧೯೭೭ರ ಮಾರ್ಚಿ ತಿಂಗಳಲ್ಲಿ, 'ಇಲ್ಲ' ಎಂದು ತುಂಬಲಾದ ಷರಾ ಕಾಲಮನ್ನು ಕುರಿತು. ಕನ್ನಡದ ಮೇಷ್ಟರಿಗೆ ಈ ವಿಷಯವೇಕೆ ಎಂದು ಕೇಳುಗರು ಹುಬ್ಬೇರಿಸಬಹುದು. ಆ 'ಇಲ್ಲ' ಎಂಬುದನ್ನು ಬರೆದ ಕೈ ನನ್ನದು.

ನನ್ನ ಚಿಕ್ಕಮ್ಮ ಬಯಲುಸೀಮೆಯ ಒಂದು ಉಪಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದರು, ಊರವರ ಬಾಯಲ್ಲಿ ನರ್ಸಮ್ಮ. ಉಪಕೇಂದ್ರವೆಂದರೆ ಬಾಡಿಗೆಯ ಒಂದು ಕೋಣೆ, ಒಂದು ಬೆಂಚು, ಒಂದು ಬೀರು, ಗೋಡೆಯ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನ. ಸುತ್ತಿನ ಐದಾರು ಹಳ್ಳಿಗಳನ್ನು ಅವರು ಕಾಲ್ನಡಿಗೆಯಲ್ಲೇ ಸುತ್ತುತ್ತಿದ್ದರು. ನಾನು ಪಿ.ಯು.ಸಿ. ಓದುತ್ತಿದ್ದ ಪಟ್ಟಣಕ್ಕೂ ಅವರ ಊರಿಗೂ ಎಂಟು ಮೈಲಿ. ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದರೆ ಚಿಕ್ಕಮ್ಮನ ಮನೆಯ ಊಟ, ಸೋಮವಾರ ಬೆಳಿಗ್ಗೆ ಮತ್ತೆ ಹಾಸ್ಟೆಲು. ನನ್ನ ಅಕ್ಷರ ದುಂಡಗಿತ್ತು. ಹೀಗಾಗಿ ತಖ್ತೆಗಳ ನಕಲು ತೆಗೆಯುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು.

ಅವರ ಬೀರುವಿನಲ್ಲಿದ್ದ ಪುಸ್ತಕಗಳಲ್ಲೆಲ್ಲ ದೊಡ್ಡದು 'ಅರ್ಹ ದಂಪತಿಗಳ ರಿಜಿಸ್ಟರು'. ಹೆರುವ ವಯಸ್ಸಿನ ಹೆಂಡತಿಯಿರುವ ಪ್ರತಿಯೊಂದು ಜೋಡಿಗೂ ಅದರಲ್ಲಿ ಒಂದು ಸಾಲು: ಮನೆಯ ನಂಬರು, ಗಂಡ ಹೆಂಡಿರ ಹೆಸರು, ವಯಸ್ಸು, ಹುಟ್ಟಿದ ಮಕ್ಕಳು, ಬದುಕಿರುವ ಮಕ್ಕಳು, ಕಡೆಯ ಮಗುವಿನ ವಯಸ್ಸು, ಅನುಸರಿಸುವ ವಿಧಾನ. ಹುಟ್ಟಿದ್ದು ಏಳು, ಇರುವುದು ಮೂರು. ಹುಟ್ಟಿದ್ದು ಐದು, ಇರುವುದು ಐದು. ಹುಟ್ಟಿದ್ದು ನಾಲ್ಕು, ಇರುವುದು ಒಂದು. ಆ ವಯಸ್ಸಿನಲ್ಲಿ ನಾನು ಕಾದಂಬರಿಗಳನ್ನು ಕೈಗೆ ಸಿಕ್ಕಿದಂತೆ ಓದುತ್ತಿದ್ದವನು. ಆದರೂ ಆ ಸಾಲುಗಳ ನಡುವೆ ಅಡಗಿದ್ದ ಕತೆಗಳಷ್ಟು ಬೇರಾವುದೂ ನನ್ನನ್ನು ಕಾಡಲಿಲ್ಲ. ಈ ರಿಜಿಸ್ಟರಿನಿಂದ ತಿಂಗಳ ತಖ್ತೆ, ಹನ್ನೆರಡು ತಿಂಗಳ ತಖ್ತೆಗಳಿಂದ ವರ್ಷದ ತಖ್ತೆ. ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಗೆ. ಒಂದೊಂದು ಮೆಟ್ಟಿಲು ಏರುವಾಗಲೂ ಒಂದಿಷ್ಟು ಹೆಸರುಗಳು ಉದುರಿಹೋಗುತ್ತಿದ್ದವು. ಮೊದಲನೆಯ ಮೆಟ್ಟಿಲಿನಲ್ಲೇ ಎಲ್ಲವೂ ಉದುರುತ್ತಿದ್ದವೆಂದರೂ ತಪ್ಪಿಲ್ಲ.

ಆ ತಖ್ತೆಗಳ ಭಾಷೆಯನ್ನು ಕುರಿತು ಎರಡು ಮಾತು ಹೇಳದಿದ್ದರೆ ಮೇಷ್ಟರ ನಾಲಗೆಗೆ ಸಮಾಧಾನವಿಲ್ಲ. 'ಅರ್ಹ ದಂಪತಿ' ಎಂದರೆ ಯಾವುದಕ್ಕೆ ಅರ್ಹರು? ಮಕ್ಕಳನ್ನು ಹೆರಲು ಅರ್ಹರಾಗಿರುವುದರಿಂದಲೇ ಹೆರದಿರುವುದಕ್ಕೂ ಅರ್ಹರು ಎಂದು ಇಲಾಖೆಯ ತರ್ಕ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ 'ಫಲಾನುಭವಿ' ಎಂಬ ಹೆಸರು. ಇನ್ನು ಮುಂದೆ ಫಲವಿಲ್ಲ ಎಂದು ಬರೆದುಕೊಟ್ಟವರನ್ನು ಹೀಗೆ ಕರೆದ ಪುಣ್ಯಾತ್ಮರು ಯಾರೋ ಕಾಣೆ. ಇನ್ನು ಚಿಕಿತ್ಸೆಯ ಹೆಸರು 'ಸಂತಾನಶಕ್ತಿಹರಣ'. ಹರಣವೆಂದ ಕೂಡಲೇ ನಮ್ಮ ಜನದ ನೆನಪಿಗೆ ಬರುವುದು ಸೀತೆ, ಇಲ್ಲವೆ ದ್ರೌಪದಿಯ ಸೀರೆ. ಇಚ್ಛೆಯಿಂದ ಕೊಟ್ಟದ್ದನ್ನು ಯಾರೂ ಹರಣವೆನ್ನುವುದಿಲ್ಲ. ಅನುವಾದಕರು ತಿಳಿಯದೆ ಇಟ್ಟ ಈ ಹೆಸರು ೧೯೭೬ರಲ್ಲಿ ಎಷ್ಟೋ ಕಡೆ ಅಕ್ಷರಶಃ ನಿಜವಾಯಿತು.

ಹಾಗೆಂದು ಕುಟುಂಬ ಯೋಜನೆಯೇ ಮೇಲಿನಿಂದ ಹೇರಿದ ಕೇಡು ಎಂದು ನಾನು ಹೇಳುತ್ತಿಲ್ಲ. ಏಳು ಹೆತ್ತು ಮೂರನ್ನು ಉಳಿಸಿಕೊಂಡ ತಾಯಂದಿರು ರಾತ್ರಿಯ ಹೊತ್ತು ಚಿಕ್ಕಮ್ಮನ ಹಿತ್ತಲ ಬಾಗಿಲಿಗೆ ಬಂದು, ಇನ್ನು ಬೇಡಮ್ಮ, ಏನಾದರೂ ದಾರಿ ತೋರಿಸು ಎಂದು ಕೇಳಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಈ ಬೇಡಿಕೆಗೆ ಮೊದಲು ಓಗೊಟ್ಟ ಸರ್ಕಾರಗಳಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಒಂದೆಂಬುದು ಹೆಮ್ಮೆಯ ಸಂಗತಿ. ೧೯೩೦ರಲ್ಲಿಯೇ ಇಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಯಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ, ೧೯೫೨ರಲ್ಲಿ ಆರಂಭವಾದ ಭಾರತದ ಯೋಜನೆ ಇಡೀ ಜಗತ್ತಿಗೆ ಮೊದಲನೆಯದು. ಆ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಪ್ರಯೋಗವೊಂದು ನಮ್ಮ ರಾಮನಗರದಲ್ಲಿ ನಡೆಯಿತು. ತಿಂಗಳಿನ ದಿನಗಳ ಲೆಕ್ಕ ಹಿಡಿಯಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿರೆಂದು ಹೇಳಿಕೊಡಲಾಯಿತು. ಪ್ರಯೋಗ ಫಲಿಸಲಿಲ್ಲ, ನಿಜ. ಆದರೂ ಆ ಲೆಕ್ಕ ಹೆಂಗಸಿನ ಕೈಯಲ್ಲೇ ಇತ್ತು, ಅವಳ ಕೊರಳ ಸರದಲ್ಲಿತ್ತು ಎಂಬುದನ್ನು ನೆನೆದಾಗ ನನಗೇನೋ ಗೌರವ ಮೂಡುತ್ತದೆ.

ಲೆಕ್ಕ ಅವಳ ಕೈಬಿಟ್ಟು ಕಚೇರಿಯ ಕೈಗೆ ಹೋದದ್ದು ಅರುವತ್ತರ ದಶಕದಲ್ಲಿ. ೧೯೬೬ರ ಹೊತ್ತಿಗೆ ವಿಧಾನವಾರು ಗುರಿಗಳು ಬಂದವು: ಇಂತಿಷ್ಟು ಶಸ್ತ್ರಚಿಕಿತ್ಸೆ, ಇಂತಿಷ್ಟು ಲೂಪು, ಇಂತಿಷ್ಟು ನಿರೋಧು. ಗುರಿ ಎಂಬ ಕನ್ನಡ ಮಾತು ಇದ್ದರೂ ಎಲ್ಲರೂ ಹೇಳುತ್ತಿದ್ದುದು ಟಾರ್ಗೆಟ್ಟು ಎಂದೇ. ಆ ಮಾತಿನಲ್ಲಿ ಹೆದರಿಕೆ ಹೆಚ್ಚು. ವಿಧಾನಗಳು ಬೇರೆಬೇರೆಯಾದ್ದರಿಂದ ಅವನ್ನೆಲ್ಲ ಒಂದೇ ನಾಣ್ಯಕ್ಕೆ ಇಳಿಸುವ ಸೂತ್ರವೂ ಇತ್ತು. ಒಂದು ಶಸ್ತ್ರಚಿಕಿತ್ಸೆಗೆ ೩ ಲೂಪು ಸಮ. ೧೮ ಮಂದಿ ನಿರೋಧು ಬಳಸುವವರು ಸಮ. ನಿರೋಧು ಬಳಸುವವನೆಂದರೆ ಯಾರು? ವರ್ಷಕ್ಕೆ ೭೨ ನಿರೋಧು ಹಂಚಿದರೆ ಒಬ್ಬ ಬಳಕೆದಾರ ಹುಟ್ಟಿದಂತೆ ಲೆಕ್ಕ. ಮುಂದೆ ಗುಳಿಗೆಗಳು ಬಂದಾಗ ೧೩ ಪಟ್ಟಿಗಳಿಗೆ ಒಬ್ಬಳು, ಅಂಥ ೯ ಮಂದಿಗೆ ಒಂದು ಶಸ್ತ್ರಚಿಕಿತ್ಸೆ. ನಾನು ಗಣಿತದಲ್ಲಿ ಮಂಕಾಗಿದ್ದರೂ ಈ ಗುಣಾಕಾರ ಮಾತ್ರ ಇಂದಿಗೂ ಮರೆತಿಲ್ಲ: ೧೮ನ್ನು ೭೨ರಿಂದ ಗುಣಿಸಿದರೆ ೧,೨೯೬. ಬೀರುವಿನಿಂದ ಅಷ್ಟು ನಿರೋಧು ಹೊರಗೆ ಹೋದರೆ ಒಂದು ಶಸ್ತ್ರಚಿಕಿತ್ಸೆಯಾದಂತೆ. ಅವು ಎಲ್ಲಿಗೆ ಹೋದವು ಎಂದು ತಖ್ತೆ ಕೇಳುತ್ತಿರಲಿಲ್ಲ. ಊರ ಹುಡುಗರು ಅವನ್ನು ಊದಿ ಬೆಲೂನು ಮಾಡಿ ದನ ಬೆದರಿಸುತ್ತಿದ್ದರು. ಹಾಗೆ ಊದಿದ ನಿರೋಧುಗಳೂ ತಖ್ತೆಯಲ್ಲಿ ದಂಪತಿಗಳನ್ನು ರಕ್ಷಿಸಿದವು.

ಇದೆಲ್ಲ ನಗುವ ಮಾತಾಯಿತು. ೧೯೭೬ರ ಏಪ್ರಿಲಿನಲ್ಲಿ ಕೇಂದ್ರದ ಜನಸಂಖ್ಯಾ ನೀತಿ ಪ್ರಕಟವಾದ ಮೇಲೆ ನಗು ನಿಂತಿತು. ಶಸ್ತ್ರಚಿಕಿತ್ಸೆಗೆ ಕೊಡುವ ಹಣವನ್ನು ಮಕ್ಕಳ ಸಂಖ್ಯೆಗೆ ತಳುಕು ಹಾಕಲಾಯಿತು: ಬದುಕಿರುವ ಮಕ್ಕಳು ಎರಡಾದರೆ ೧೫೦ ರೂಪಾಯಿ, ಮೂರಾದರೆ ೧೦೦, ನಾಲ್ಕು ಅಥವಾ ಹೆಚ್ಚಾದರೆ ೭೦. ನೀತಿ ಮಾಡಿದವರ ಉದ್ದೇಶ ಒಳ್ಳೆಯದೇ ಇರಬೇಕು, ಬೇಗ ಬಂದವರಿಗೆ ಹೆಚ್ಚು ಎಂದು. ಆದರೆ ಕಾಲಮಿಗೆ ಬೆಲೆ ಕಟ್ಟಿದ ಮೇಲೆ ಕಾಲಮು ಸತ್ಯ ಹೇಳುತ್ತದೆಯೆ?

ಉತ್ತರದ ರಾಜ್ಯಗಳಲ್ಲಿ ನಡೆದಷ್ಟು ಬಲಾತ್ಕಾರ ನಮ್ಮ ಕಡೆ ನಡೆಯಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ನಡೆದದ್ದು ಮೆತ್ತಗಿನ ಒತ್ತಡ. ಆ ವರ್ಷದ ಕೊನೆಯಲ್ಲಿ ಹೋಬಳಿಯ ಊರಿನಲ್ಲಿ ಒಂದು ಶಿಬಿರವಾಯಿತು. ಚಿಕ್ಕಮ್ಮನ ಹಳ್ಳಿಯ ಒಬ್ಬ ಕೂಲಿಯಾತ ಅಲ್ಲಿ ಹೋಗಿ ಮಾಡಿಸಿಕೊಂಡು ಬಂದ. ಚೀಟಿ ಇಲ್ಲದಿದ್ದರೆ ನಿನ್ನ ಸಾಲದ ಅರ್ಜಿ ಮುಂದೆ ಹೋಗುವುದಿಲ್ಲವೆಂದು ಅವನಿಗೆ ಯಾರೋ ಹೇಳಿದ್ದರಂತೆ. ಒಂದು ವಾರದಲ್ಲಿ ಗಾಯ ಕೀವಾಯಿತು, ಜ್ವರ ಬಂತು. ಅವನ ಹೆಂಡತಿ ಕೈಯಲ್ಲಿ ಆ ಚೀಟಿ ಹಿಡಿದು ಚಿಕ್ಕಮ್ಮನ ಬಾಗಿಲಿಗೆ ಬಂದಳು. ಚೀಟಿಯಲ್ಲಿ ಬದುಕಿರುವ ಮಕ್ಕಳು ಎರಡು ಎಂದಿತ್ತು. ಅರ್ಹ ದಂಪತಿಗಳ ರಿಜಿಸ್ಟರಿನಲ್ಲಿ ನಾಲ್ಕು. ನಾಲ್ಕೂ ಮಕ್ಕಳು ಅವಳ ಸೆರಗು ಹಿಡಿದು ಹಿಂದೆಯೇ ನಿಂತಿದ್ದವು. ಅವನ ಕೈಗೆ ಬಂದದ್ದು ಎಪ್ಪತ್ತು ರೂಪಾಯಿ. ಮಿಕ್ಕ ಎಂಬತ್ತು ಯಾರ ಕೈಯಲ್ಲಿ ಉಳಿಯಿತೋ. ಚಿಕ್ಕಮ್ಮ ಎರಡು ತಿಂಗಳು ದಿನವೂ ಹೋಗಿ ಗಾಯ ತೊಳೆದು ಕಟ್ಟಿದರು. ಅವನು ಉಳಿದ. ಆದರೆ ಎರಡು ತಿಂಗಳು ಕೂಲಿಯಿಲ್ಲದ ಮನೆ ಹೇಗಿತ್ತೆಂಬುದನ್ನು ನಾನು ಹೇಳಬೇಕಾಗಿಲ್ಲ.

ಮಾರ್ಚಿ ಬಂತು. ಆ ಮಾರ್ಚಿಯೇ ವಿಚಿತ್ರವಾದದ್ದು. ೨೧ನೆಯ ತಾರೀಖು ತುರ್ತುಪರಿಸ್ಥಿತಿ ಮುಗಿಯಿತೆಂದು ರೇಡಿಯೋ ಹೇಳಿತು. ದೆಹಲಿಯಲ್ಲಿ ಸರ್ಕಾರವೇ ಬದಲಾಯಿತು. ೩೧ನೆಯ ತಾರೀಖಿನ ತಖ್ತೆ ಮಾತ್ರ ಬದಲಾಗದೆ ನಮ್ಮ ಮುಂದೆ ಕುಳಿತಿತ್ತು. ಶಸ್ತ್ರಚಿಕಿತ್ಸೆ ಇಷ್ಟು, ತೊಡಕು ಇಷ್ಟು, ಮರಣ ಇಷ್ಟು, ಷರಾ. ಚಿಕ್ಕಮ್ಮ ಹೇಳಿದಂತೆ ನಾನು ಬರೆದೆ. ತೊಡಕು: ೧. ಷರಾ ಕಾಲಮಿಗೆ ಬಂದಾಗ ಅವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಪೆನ್ಸಿಲಿನಲ್ಲಿ ತಾವೇ ಒಂದಿಷ್ಟು ಬರೆದರು.

ಮೂರನೆಯ ದಿನ ತಖ್ತೆ ಹಿಂತಿರುಗಿ ಬಂತು. ಬರಹದಲ್ಲಿ ಏನೂ ಆಕ್ಷೇಪವಿರಲಿಲ್ಲ. ತಂದ ಜವಾನ ಬಾಯಿಮಾತಿನಲ್ಲಿ ಹೇಳಿದ: ಸಾಹೇಬರು ಹೊಸ ಹಾಳೆಯಲ್ಲಿ ಬರೆದುಕೊಡಲು ಹೇಳಿದ್ದಾರೆ, ಷರಾದಲ್ಲಿ ಏನೂ ಬೇಡವಂತೆ. ಚಿಕ್ಕಮ್ಮನ ಸಂಬಳ ಆಗಲೇ ಎರಡು ತಿಂಗಳು ಬಾಕಿ ಇತ್ತು. ಅವರು ಬಹಳ ಹೊತ್ತು ಒಲೆಯ ಮುಂದೆ ಕುಳಿತಿದ್ದು, ಆಮೇಲೆ, "ಬರೆದುಬಿಡು ಮಗು, ನಿನ್ನ ಅಕ್ಷರ ಚೆನ್ನಾಗಿದೆ" ಎಂದರು. ನಾನು ಬರೆದೆ. ತೊಡಕು: ಇಲ್ಲ. ಮರಣ: ಇಲ್ಲ. ಷರಾ: ಇಲ್ಲ. ಅವರು ರುಜು ಹಾಕಿದರು.

ಆ ವರ್ಷ ಇಡೀ ದೇಶಕ್ಕೆ ಇಟ್ಟ ಗುರಿ ೪೩ ಲಕ್ಷ ಶಸ್ತ್ರಚಿಕಿತ್ಸೆಗಳು. ನಡೆದವು ಸುಮಾರು ೮೨ ಲಕ್ಷ. ಅವುಗಳಲ್ಲಿ ಸುಮಾರು ೬೨ ಲಕ್ಷ ಗಂಡಸರಿಗೆ ಮಾಡಿದವು. ಹಿಂದಿನ ವರ್ಷದ ಲೆಕ್ಕ ೨೭ ಲಕ್ಷವನ್ನು ಮುಟ್ಟಿರಲಿಲ್ಲ. ಮರುವರ್ಷ, ಅಂದರೆ ೧೯೭೭-೭೮ರಲ್ಲಿ, ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಅದೇ ವರ್ಷ ಇಲಾಖೆ ತನ್ನ ಹೆಸರನ್ನು ಕುಟುಂಬ ಕಲ್ಯಾಣವೆಂದು ಬದಲಿಸಿಕೊಂಡಿತು. ೧೯೭೮ರಲ್ಲಿ ಷಾ ಆಯೋಗದ ಕೊನೆಯ ವರದಿ ಬಂದಾಗ, ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ೧,೭೭೪ ಸಾವುಗಳ ದಾಖಲೆ ಅದರಲ್ಲಿತ್ತು. ಮದುವೆಯೇ ಆಗದವರಿಗೆ ಮಾಡಿದರೆಂಬ ೫೪೮ ದೂರುಗಳಿದ್ದವು. ಹೊರಗಿನವರು ಬಂದು ಅಗೆದು ತೆಗೆಯುವವರೆಗೆ ಆ ಸಂಖ್ಯೆಗಳು ಎಲ್ಲಿದ್ದವು? ನನ್ನಂಥ ದುಂಡಕ್ಷರದ ಹುಡುಗರು ಎಷ್ಟು ಉಪಕೇಂದ್ರಗಳಲ್ಲಿ ಎಷ್ಟು 'ಇಲ್ಲ'ಗಳನ್ನು ಬರೆದಿದ್ದರೋ ಎಂದು ಅಂದು ಪತ್ರಿಕೆ ಓದುತ್ತ ನನಗೆ ಅನ್ನಿಸಿತು.

ನಮ್ಮ ಹಳ್ಳಿಯಲ್ಲಿ ಅದರ ಫಲ ಬೇರೊಂದು ರೀತಿಯಲ್ಲಿ ಕಂಡಿತು. ಆ ಕೂಲಿಯಾತನ ಕೇರಿಯಲ್ಲಿ ಚಿಕ್ಕಮ್ಮನ ಚೀಲ ಕಂಡರೆ ಬಾಗಿಲುಗಳು ಮುಚ್ಚತೊಡಗಿದವು. ಅವರು ಹೋಗುತ್ತಿದ್ದುದು ಮಕ್ಕಳಿಗೆ ಸೂಜಿಮದ್ದು ಹಾಕಲು. ತಾಯಂದಿರು ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರು. ಆತನ ಗಾಯ ತೊಳೆದ ಕೈಯೇ ಅದು ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅದೇ ಕೈ 'ಇಲ್ಲ' ಎಂಬುದರ ಕೆಳಗೆ ರುಜು ಹಾಕಿದ್ದೂ ಹೇಗೋ ಗೊತ್ತಾಗಿತ್ತು. ಹಳ್ಳಿಯಲ್ಲಿ ಇಂಥವು ಗುಟ್ಟಾಗಿ ಉಳಿಯುವುದಿಲ್ಲ. ಆ ಬಾಗಿಲುಗಳು ಮತ್ತೆ ತೆರೆಯಲು ನಾಲ್ಕೈದು ವರ್ಷವೇ ಹಿಡಿಯಿತು.

ಗಂಡಸರಂತೂ ಮತ್ತೆ ಬರಲೇ ಇಲ್ಲ. ಯೋಜನೆಯ ಭಾರವೆಲ್ಲ ಹೆಂಗಸರ ಮೇಲೆ ಹೊರಳಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಿವಾಹಿತ ದಂಪತಿಗಳಲ್ಲಿ ನೂರಕ್ಕೆ ೩೭.೯ರಷ್ಟು ಕಡೆ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿದೆ. ಗಂಡನಿಗೆ ಆಗಿರುವುದು ೦.೩ರಷ್ಟು ಕಡೆ. ನಮ್ಮ ಕರ್ನಾಟಕದಲ್ಲಿ ಹೆಂಗಸರ ಪಾಲು ೫೭.೪, ಗಂಡಸರದು ದಶಮಾಂಶದ ಒಂದು ಸ್ಥಾನದವರೆಗೆ ಬರೆದರೂ ಸೊನ್ನೆ. ಆಗ ಗಂಡಸರಿಗೆ ಮಾಡಿದ ಅನ್ಯಾಯದ ಸಾಲವನ್ನು ಹೆಂಗಸರು ಇಂದಿಗೂ ತೀರಿಸುತ್ತಿದ್ದಾರೆ.

ಟಾರ್ಗೆಟ್ಟನ್ನು ಕೇಂದ್ರ ಸರ್ಕಾರ ಕೈಬಿಟ್ಟದ್ದು ೧೯೯೬ರ ಏಪ್ರಿಲಿನಲ್ಲಿ. ಅದಕ್ಕೆ ಮುಂಚೆಯೇ, ೧೯೯೨-೯೩ರಿಂದ, ಮನೆಯ ಬಾಗಿಲಿಗೆ ಹೋಗಿ ಹೆಂಗಸರನ್ನೇ ಕೇಳುವ ಈ ಸಮೀಕ್ಷೆಗಳು ಆರಂಭವಾಗಿದ್ದವು. ಮೊದಲನೆಯ ಸಮೀಕ್ಷೆಯಲ್ಲಿ ವಂಕಿ ಧರಿಸಿದ್ದೇವೆಂದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಕಚೇರಿಯ ತಖ್ತೆಗಳನ್ನು ನಂಬಿದ್ದರೆ ಇನ್ನೂ ಬಹಳ ಮಂದಿ ಇರಬೇಕಿತ್ತು. ಮೂರು ವಂಕಿಗೆ ಒಂದು ಶಸ್ತ್ರಚಿಕಿತ್ಸೆ ಎಂಬ ಸೂತ್ರ ಎಷ್ಟು ವಂಕಿಗಳನ್ನು ಕಾಗದದ ಮೇಲೆ ಹಾಕಿತ್ತೋ! ಈಗಿನ ಸಮೀಕ್ಷೆಗಳು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತವೆ: ಈ ವಿಧಾನದಿಂದ ಆಗಬಹುದಾದ ತೊಂದರೆಗಳನ್ನು ನಿಮಗೆ ಯಾರಾದರೂ ತಿಳಿಸಿದರೆ? ಹೌದು ಎಂದವರು ನೂರಕ್ಕೆ ೬೨.೪. ಉಳಿದವರಿಗೆ ಯಾರೂ ಹೇಳಿಲ್ಲ. ಆದರೂ ಹೀಗೆ ಕೇಳುವ ಕಾಲಂ ಒಂದು ಹುಟ್ಟಿತಲ್ಲ ಎಂದು ನನಗೆ ಸಂತೋಷ.

ಈ ಮಾತಿಗೆ ಸೇರಿದಂತೆ ಅಮೆರಿಕದ ಒಂದು ಪದ್ಧತಿ. ಅಲ್ಲಿ ೧೯೭೦ರ ಕಾನೂನೊಂದರ ಪ್ರಕಾರ ಸರ್ಕಾರದ ಹಣ ಪಡೆಯುವ ಕುಟುಂಬ ಯೋಜನಾ ಚಿಕಿತ್ಸಾಲಯಗಳಿವೆ. ಅವು ಪ್ರತಿವರ್ಷವೂ ವರದಿ ಒಪ್ಪಿಸಬೇಕು. ಆ ವರದಿ ಮೊದಲು ಎಣಿಸುವುದು ಬಂದ ಮನುಷ್ಯರನ್ನು. ಒಬ್ಬಳು ವರ್ಷದಲ್ಲಿ ಆರು ಸಲ ಬಂದರೂ ಒಬ್ಬಳೇ. ಯಾವ ವಿಧಾನವೂ ಬೇಡವೆಂದವಳಿಗೂ, ಮಗು ಬೇಕೆಂದು ಬಂದವಳಿಗೂ ಅದರಲ್ಲಿ ಒಂದು ಸಾಲು ಇದೆ. ನಮ್ಮ ತಖ್ತೆಯಲ್ಲಿ ಬೇಡವೆಂದವಳು ಎಣಿಕೆಗೇ ಬರುತ್ತಿರಲಿಲ್ಲ. ಆದರೆ ಅಲ್ಲಿಯೂ ಎಲ್ಲ ನೆಟ್ಟಗಿತ್ತೆಂದು ತಿಳಿಯಬೇಡಿ. ೧೯೭೩ರಲ್ಲಿ ಅಲಬಾಮಾದಲ್ಲಿ ಸರ್ಕಾರಿ ಹಣದಿಂದ ನಡೆಯುತ್ತಿದ್ದ ಕೇಂದ್ರದ ಮೂಲಕ ಇಬ್ಬರು ಬಡ ಕಪ್ಪು ಹುಡುಗಿಯರಿಗೆ ಈ ಶಸ್ತ್ರಚಿಕಿತ್ಸೆಯಾಯಿತು. ಅವರ ವಯಸ್ಸು ಹನ್ನೆರಡು, ಹದಿನಾಲ್ಕು. ಓದು ಬಾರದ ತಾಯಿ ಒಪ್ಪಿಗೆಯ ಕಾಗದದ ಮೇಲೆ 'X' ಗುರುತು ಹಾಕಿದ್ದಳು. ಹೆಬ್ಬೆಟ್ಟು ಒತ್ತುವವರ ಪಾಡು ಎಲ್ಲ ದೇಶಗಳಲ್ಲೂ ಒಂದೇ.

ನಮ್ಮ ದೇಶದಲ್ಲಿ ಷರಾ ಕಾಲಮಿಗೆ ಬಾಯಿ ಬಂದದ್ದು ನ್ಯಾಯಾಲಯದಿಂದ. ೨೦೧೨ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಒಂದು ಶಾಲೆಯ ಕೋಣೆಯಲ್ಲಿ, ರಾತ್ರಿಯ ಹೊತ್ತು, ಒಬ್ಬನೇ ಶಸ್ತ್ರವೈದ್ಯ ಎರಡು ಗಂಟೆಗಳಲ್ಲಿ ೫೩ ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿದರೆಂದು ದೇವಿಕಾ ಬಿಸ್ವಾಸ್ ಎಂಬವರು ಸರ್ವೋಚ್ಚ ನ್ಯಾಯಾಲಯಕ್ಕೆ ದೂರಿತ್ತರು. ವಿಚಾರಣೆ ನಡೆಯುತ್ತಿರುವಾಗಲೇ, ೨೦೧೪ರ ನವೆಂಬರಿನಲ್ಲಿ, ಛತ್ತೀಸಗಢದ ಬಿಲಾಸಪುರದ ಬಳಿಯ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ ೮೩ ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿ, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಟಾರ್ಗೆಟ್ಟು ಹೋಗಿ ಹದಿನೆಂಟು ವರ್ಷವಾಗಿತ್ತು, ನೆನಪಿಡಿ. ೨೦೧೬ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು: ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕು, ಆಗುವುದೇನೆಂಬುದನ್ನು ಮಾಡಿಸಿಕೊಳ್ಳುವವರಿಗೆ ಅವರ ಭಾಷೆಯಲ್ಲಿ ತಿಳಿಸಬೇಕು, ಗುಣಮಟ್ಟ ನೋಡಿಕೊಳ್ಳುವ ಸಮಿತಿಗಳ ವಾರ್ಷಿಕ ವರದಿ ಪ್ರಕಟವಾಗಬೇಕು, ಮತ್ತು ಅದರಲ್ಲಿ ಅಂಕಿಸಂಖ್ಯೆಗಳು ಮಾತ್ರವಲ್ಲದೆ ಅಂಕಿಗಳಲ್ಲದ ಸಂಗತಿಗಳೂ ಇರಬೇಕು. ಆ ಕಡೆಯ ವಾಕ್ಯವನ್ನು ನಾನು ಎರಡು ಸಲ ಓದಿದೆ. ದೇಶದ ಅತ್ಯುನ್ನತ ನ್ಯಾಯಪೀಠ ಷರಾ ಕಾಲಮನ್ನು ತುಂಬಿರೆಂದು ಹೇಳುತ್ತಿತ್ತು. ಚಿಕ್ಕಮ್ಮ ಇದ್ದಿದ್ದರೆ ಓದಿ ಹೇಳುತ್ತಿದ್ದೆ.

ಅವರು ತೀರಿಕೊಂಡದ್ದು ಅದಕ್ಕೂ ಮೂರು ವರ್ಷ ಮೊದಲು. ಇಂದಿನ ನರ್ಸಮ್ಮಂದಿರು ಕಂಪ್ಯೂಟರಿಗೆ ಅಂಕಿ ತುಂಬುತ್ತಾರೆ. ೨೦೦೮ರಿಂದ ಅದಕ್ಕೊಂದು ರಾಷ್ಟ್ರೀಯ ವ್ಯವಸ್ಥೆಯೇ ಇದೆ. ಚಿಕ್ಕಮ್ಮನಿಗೆ ಇದ್ದದ್ದು ಒಂದು ತಗಡಿನ ಟ್ರಂಕು. ಕರ್ಮಾಂತರ ಮುಗಿದ ಮೇಲೆ ಅದನ್ನು ತೆರೆದೆವು. ಸೇವಾಪುಸ್ತಕದ ನಕಲು, ಒಂದು ಬಿಳಿಯ ಸೀರೆ, ತೊಟ್ಟಿಲಲ್ಲಿ ಮಲಗಿದ ಯಾರದೋ ಮಗುವಿನ ಫೋಟೋ. ಅವುಗಳ ಕೆಳಗೆ ನಾಲ್ಕಾಗಿ ಮಡಿಸಿದ ಒಂದು ತಖ್ತೆ, ಮಡಿಕೆಗಳಲ್ಲಿ ಹರಿದದ್ದು. ಹಿಂತಿರುಗಿ ಬಂದ ಆ ಮೊದಲನೆಯ ಹಾಳೆ. ಅಂಕಿಗಳೆಲ್ಲ ಶಾಯಿಯಲ್ಲಿ, ನನ್ನ ದುಂಡಕ್ಷರದಲ್ಲಿವೆ. ಬಲದ ಅಂಚಿನಲ್ಲಿ ಮಾತ್ರ ಚಿಕ್ಕಮ್ಮನ ಓರೆಯಾದ ಪೆನ್ಸಿಲ್ ಅಕ್ಷರ, ಮಾಸಿದೆ, ಆದರೂ ಓದಬಹುದು: "ಮಕ್ಕಳು ನಾಲ್ಕು. ಗಾಯ ಕೀವಾಗಿತ್ತು. ಎರಡು ತಿಂಗಳು ಕೂಲಿ ಇಲ್ಲ. ಮನಸ್ಸಿರಲಿಲ್ಲವಂತೆ."